ವೇಗದ ಮೋಟಾರ್ ಸೈಕಲ್ಲಿನ ತಾಪವೂ ಸವಾರನ ತಾಪವೂ

(ನಮ್ಮ ಸಂಘದ ವಸಂತ ಕೂಟದಲ್ಲಿ ಅತಿಥಿ ಉಪನ್ಯಾಸವಾಗಿ ಓದಿದ ಲೇಖನ)



ವೈದ್ಯರೊಬ್ಬರನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ಸಭಿಕರು ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ವಿಚಾರವನ್ನೇ ನಿರೀಕ್ಷಿಸುವುದು ಸಹಜ. ಹಿಂದೊಮ್ಮೆ ನಾವು ಇದೇ ವೇದಿಕೆಯಿಂದ ಮಧುಮೇಹದ ಬಗ್ಗೆ ಮಾತನಾಡಿ ಕೆಳಗಿಳಿದಾಗ, ಊಟದ ಸಾಲಿನಲ್ಲಿದ್ದ ಹಿರಿಯರೊಬ್ಬರು ತಮ್ಮ ತಟ್ಟೆಯ ಹೋಳಿಗೆಯ ಮೇಲೆ ಹಪ್ಪಳ ಮುಚ್ಚಿಕೊಂಡು ನಮ್ಮ ಮುಂದೆ ಹಾದುಹೋದರು. ಅಂತಹ ಅಪರಾಧಕ್ಕೆ ಮತ್ತೆ ಕಾರಣರಾಗಬಾರದೆಂದು ಈ ಸಲ ಬೇರೆ ವಿಷಯವನ್ನು ಆರಿಸಿಕೊಂಡಿದ್ದೇವೆ.

ವಿಷಯ ವಿಚಿತ್ರವೆನಿಸಬಹುದು, ಆದರೆ ಸಂಘಕ್ಕೆ ಹೊರತಾದದ್ದೇನಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಫೀನಿಕ್ಸ್ ಕಣಿವೆಯ ನಮ್ಮ ಹಲವು ಮನೆಗಳ ಗ್ಯಾರೇಜುಗಳಲ್ಲಿ, ಮಿನಿವ್ಯಾನಿನ ಪಕ್ಕದಲ್ಲಿ, ಕೆಂಪು ಅಥವಾ ಹಸಿರು ಬಣ್ಣದ ಒಂದು ಸ್ಪೋರ್ಟ್ ಮೋಟಾರ್ ಸೈಕಲ್ ಬಂದು ನಿಂತಿದೆ. "ಹುಡುಗ ಬೈಕ್ ತಗೊಂಡಿದ್ದಾನೆ ಡಾಕ್ಟ್ರೇ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಎಂದು ತಾಯಂದಿರು ನಮಗೆ ದೂರವಾಣಿ ಮಾಡುತ್ತಾರೆ. ಬುದ್ಧಿ ಹೇಳುವ ಅರ್ಹತೆ ನಮಗಿಲ್ಲ. ನಮ್ಮ ಗ್ಯಾರೇಜಿನಲ್ಲಿ ಅಂತಹವು ಎರಡಿವೆ. ಒಂದು ಮಗನದು, ಇನ್ನೊಂದು ನಮ್ಮದು. ಬುದ್ಧಿಯ ಬದಲು ಈ ಯಂತ್ರದ ಒಂದು ಗುಣವನ್ನು, ಅದರ ತಾಪವನ್ನು, ನಾವು ಅರಿತಷ್ಟರ ಮಟ್ಟಿಗೆ ವಿವರಿಸಬಲ್ಲೆವು. ವೇಗದ ಅಪಾಯವನ್ನು ಎಲ್ಲರೂ ಬಲ್ಲರು. ನಿಂತಲ್ಲಿಯೇ ಬರುವ ಅಪಾಯವನ್ನು ಬಲ್ಲವರು ಕಡಿಮೆ.

ಮೈಸೂರಿನಲ್ಲಿ ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಎಂಬತ್ತರ ದಶಕದ ಕೊನೆಯಲ್ಲಿ, ಅದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ನಮ್ಮ ವಾಹನವಾಗಿತ್ತು. 1960ರಲ್ಲಿ ಸ್ಥಾಪಿತವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ವಾಹನಗಳ ಸದ್ದು ಇಂದಿಗೂ ಕೆಲವರ ಕಿವಿಯಲ್ಲಿರಬಹುದು. ಎರಡು ಸ್ಟ್ರೋಕಿನ, 250 ಸಿ.ಸಿ.ಯ, ಗಾಳಿಯಿಂದಲೇ ತಣಿಯುವ ಇಂಜಿನ್ ಅದು. ಸಿಲಿಂಡರಿನ ಸುತ್ತ ತೆಳುವಾದ ಲೋಹದ ಹಲ್ಲೆಗಳು. ವಾಹನ ಓಡಿದಂತೆ ಅವುಗಳ ನಡುವೆ ಗಾಳಿ ಬೀಸಿ ಶಾಖವನ್ನು ಒಯ್ಯುತ್ತಿತ್ತು. ತಣಿಸುವ ವ್ಯವಸ್ಥೆಯೆಂದರೆ ಅಷ್ಟೇ. ಒಮ್ಮೆ ಮೂವರು ಕುಳಿತು, ಪೆಟ್ರೋಲಿಗೆ ಬೆರೆಸಬೇಕಾದ ಆಯಿಲಿನಲ್ಲಿ ಜಿಪುಣತನ ಮಾಡಿ, ಚಾಮುಂಡಿ ಬೆಟ್ಟ ಹತ್ತುವಾಗ ಇಂಜಿನ್ ಸೀಜ್ ಆಯಿತು. ಬಿಸಿಯಿಂದ ಹಿಗ್ಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ತಪ್ಪು ಸಂಪೂರ್ಣವಾಗಿ ನಮ್ಮದೇ. ಅರ್ಧ ಗಂಟೆ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ತಿಂದ ಮೇಲೆ ಅದು ಮತ್ತೆ ಹೊರಟಿತೆಂಬುದು ಆ ಕಾಲದ ಯಂತ್ರಗಳ ಕ್ಷಮಾಗುಣಕ್ಕೆ ಸಾಕ್ಷಿ.

ನೀರಿನಿಂದ ತಣಿಯುವ ಇಂಜಿನ್ನಿನ ನೆನಪು ನಮ್ಮಲ್ಲಿ ಅನೇಕರಿಗೆ ಶಿರಾಡಿ ಘಾಟಿಯದು. ಅಂಬಾಸಿಡರ್ ಕಾರು ಏರಿನಲ್ಲಿ ಕುದಿಯತೊಡಗುವುದು, ಚಾಲಕ ಬಾನೆಟ್ ಎತ್ತುವುದು, ಮನೆಮಂದಿಯೆಲ್ಲ ರಸ್ತೆಯ ಬದಿಗೆ ಇಳಿಯುವುದು, ಯಾರೋ ಒಬ್ಬರು ತೊರೆಯಿಂದ ಡಬ್ಬದಲ್ಲಿ ನೀರು ತರುವುದು. ಇಂದಿನ ಮೋಟಾರ್ ಸೈಕಲ್ಲಿನೊಳಗೆ ನಡೆಯುವುದು ತತ್ತ್ವತಃ ಅದೇ ವ್ಯಾಪಾರ. ಆದರೆ ಪ್ರಮಾಣ ಬೇರೆ, ಮತ್ತು ಬಾನೆಟ್ಟಿನ ಮೇಲೆಯೇ ಮನುಷ್ಯ ಕುಳಿತಿದ್ದಾನೆ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಅಡಗಿದೆ. ಉರಿದಾಗ ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸವಾಗುತ್ತದೆ. ಉಳಿದುದೆಲ್ಲ ತಾಪ: ಒಂದಷ್ಟು ಸೈಲೆನ್ಸರಿನ ದಾರಿಯಲ್ಲಿ, ಒಂದಷ್ಟು ತಣಿಸುವ ನೀರು ಮತ್ತು ಆಯಿಲಿನ ದಾರಿಯಲ್ಲಿ ಹೊರಬೀಳುತ್ತದೆ. ಸಾವಿರ ಸಿ.ಸಿ.ಯ ಒಂದು ಸ್ಪೋರ್ಟ್ ಮೋಟಾರ್ ಸೈಕಲ್ ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುವಾಗ ಆರು ಲೀಟರಿಗೂ ಮಿಕ್ಕಿ ಪೆಟ್ರೋಲನ್ನು ಗಂಟೆಯೊಂದಕ್ಕೆ ಕುಡಿಯುತ್ತದೆಂದುಕೊಂಡರೆ, 40 ಕಿಲೋವ್ಯಾಟಿಗೂ ಹೆಚ್ಚು ತಾಪವನ್ನು ಅದು ಹೊರಹಾಕಬೇಕು. ಓಡುವಾಗ ಇದು ಕಷ್ಟವಲ್ಲ, ಎದುರುಗಾಳಿ ಇದೆ.

ಸಿಗ್ನಲಿನಲ್ಲಿ ನಿಂತಾಗ ಏನಾಗುತ್ತದೆ? ಇಂಜಿನ್ ಸುಮ್ಮನೆ ಗುರುಗುಟ್ಟುತ್ತ ಗಂಟೆಗೆ ಸುಮಾರು ಒಂದು ಲೀಟರ್ ಉರಿಸುತ್ತದೆಂದು ಅಂದಾಜು ಮಾಡಿದರೆ, ಅದು ಹತ್ತಿರ ಹತ್ತಿರ 9 ಕಿಲೋವ್ಯಾಟ್. ಚಕ್ರ ತಿರುಗದಿರುವುದರಿಂದ ಅಷ್ಟೂ ತಾಪವೇ. ಚಳಿಗಾಲದಲ್ಲಿ ನಾವು ಮಲಗುವ ಕೋಣೆಯಲ್ಲಿ ಇಡುವ ಹೀಟರ್ 1500 ವ್ಯಾಟಿನದು. ಅಂತಹ ಆರು ಹೀಟರುಗಳನ್ನು ಎರಡು ತೊಡೆಗಳ ನಡುವೆ ಇರಿಸಿಕೊಂಡು ಜುಲೈ ತಿಂಗಳ ಮಧ್ಯಾಹ್ನ ಡಾಂಬರಿನ ಮೇಲೆ ನಿಂತಂತಾಯಿತು. ಸರಿಸುಮಾರು ಅರ್ಧದಷ್ಟು ಸೈಲೆನ್ಸರಿನಿಂದ ಹಿಂದಕ್ಕೆ ಹೋದರೂ ಉಳಿದರ್ಧ ಸವಾರನ ಸುತ್ತಲೇ ಉಳಿಯುತ್ತದೆ.

ತಯಾರಕರು ಈ ಸಮಸ್ಯೆಯನ್ನು ಅರಿಯದವರಲ್ಲ. 1984ರಲ್ಲಿ ಕವಾಸಾಕಿ ಸಂಸ್ಥೆ ಜಿಪಿಝಡ್900ಆರ್ ಎಂಬ ವಾಹನದಲ್ಲಿ ನಾಲ್ಕು ಸಿಲಿಂಡರ್, ಹದಿನಾರು ವಾಲ್ವುಗಳ ಇಂಜಿನ್ನನ್ನು ನೀರಿನಿಂದ ತಣಿಸಿತು. ಮರುವರ್ಷ ಬಂದ ಸುಜುಕಿ ಜಿಎಸ್‌ಎಕ್ಸ್-ಆರ್750 ಬೇರೆ ಹಾದಿ ಹಿಡಿಯಿತು. ನೀರು, ಪಂಪು, ರೇಡಿಯೇಟರುಗಳ ಭಾರ ಬೇಡವೆಂದು ಆಯಿಲನ್ನೇ ಪಿಸ್ಟನ್ನಿನ ಕೆಳಭಾಗಕ್ಕೂ ಸಿಲಿಂಡರಿನ ತಲೆಗೂ ಚಿಮ್ಮಿಸಿ ತಣಿಸುವ ಜಾಣ ಉಪಾಯ ಅದು. ಆದರೆ ಶಕ್ತಿ ಹೆಚ್ಚುತ್ತ ಹೋದಂತೆ ಆಯಿಲೊಂದೇ ಸಾಲದಾಯಿತು. 1992ರಲ್ಲಿ ಅದೂ ನೀರಿಗೆ ಶರಣಾಯಿತು. ಅಲ್ಲಿಂದೀಚೆಗೆ ಈ ವರ್ಗದ ಬಹುತೇಕ ಎಲ್ಲ ವಾಹನಗಳೂ ನೀರಿನವೇ.

ನೀರಿನ ಪಯಣವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಮುಂದಿನದು ಸುಲಭ. ಸಿಲಿಂಡರುಗಳ ಸುತ್ತಲಿನ ಪೊಳ್ಳು ಗೋಡೆಯೊಳಗೆ ಕೂಲಂಟ್ ಹರಿಯುತ್ತದೆ. ಇಂಜಿನ್ನೇ ತಿರುಗಿಸುವ ಪಂಪು ಅದನ್ನು ನೂಕುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಥರ್ಮೋಸ್ಟಾಟ್ ಎಂಬ ಬಾಗಿಲು ಮುಚ್ಚಿರುತ್ತದೆ, ಏಕೆಂದರೆ ತಣ್ಣಗಿನ ಇಂಜಿನ್ ಬೇಗ ಸವೆಯುತ್ತದೆ. ಬಾಗಿಲು ತೆರೆದ ಮೇಲೆ ಬಿಸಿ ನೀರು ಮುಂದಿನ ರೇಡಿಯೇಟರಿಗೆ ಬಂದು ಗಾಳಿಗೆ ಶಾಖವನ್ನು ಕೊಟ್ಟು ಹಿಂದಿರುಗುತ್ತದೆ. ಗಾಳಿ ಸಾಲದೆ ಉಷ್ಣತೆ 100 ಡಿಗ್ರಿಯ ಆಸುಪಾಸಿಗೆ ಏರಿದರೆ ವಿದ್ಯುತ್ ಫ್ಯಾನ್ ತಿರುಗತೊಡಗುತ್ತದೆ. ಈ ಅಂಕಿಗಳು ವಾಹನದಿಂದ ವಾಹನಕ್ಕೆ ಬೇರೆಯಾಗುವುದರಿಂದ ಅವರವರ ಕೈಪಿಡಿಯೇ ಪ್ರಮಾಣ. ನೀರು 100 ಡಿಗ್ರಿಗೆ ಕುದಿಯಬೇಕಲ್ಲವೇ ಎಂದು ಕೇಳಬಹುದು. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲಾಗಿ ಬೆರೆಸಿದ ದ್ರವ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಬಿಗಿಮುಚ್ಚಳದ ಒತ್ತಡದಲ್ಲಿ ಇನ್ನೂ 20 ಡಿಗ್ರಿ ಮೇಲಕ್ಕೆ ತಡೆದುಕೊಳ್ಳುತ್ತದೆ. ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಕುಕ್ಕರ್ ಕೂಗುತ್ತಿರುವಾಗ ಮುಚ್ಚಳ ತೆಗೆಯಬಾರದೆಂದು ನಮ್ಮ ಮನೆಗಳಲ್ಲಿ ಹತ್ತು ವರ್ಷದ ಮಗುವಿಗೂ ಗೊತ್ತು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಮಾತ್ರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಲೇ ಇರುತ್ತಾರೆ.

ಈಗ ಮುಖ್ಯ ಮಾತು. ತಣಿಸುವ ವ್ಯವಸ್ಥೆ ತಾಪವನ್ನು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆ. ರೇಡಿಯೇಟರಿನ ಹಿಂದಿರುವ ಫ್ಯಾನ್ ಬಿಸಿಗಾಳಿಯನ್ನು ಎಲ್ಲಿಗೆ ನೂಕಬೇಕು? ಹಿಂದಕ್ಕೆ, ಅಂದರೆ ಸವಾರನ ಮೊಣಕಾಲು, ತೊಡೆಗಳ ಕಡೆಗೆ. ಇಂಜಿನ್ನನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುವ ಅಲ್ಯೂಮಿನಿಯಂ ಚೌಕಟ್ಟು ಬಿಸಿಯನ್ನು ಹೀರಿ ಒಳತೊಡೆಗೆ ಮುಟ್ಟಿಸುತ್ತದೆ. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಶುದ್ಧಿಮಾಡಲು ತಾನೇ ಕೆಲವು ನೂರು ಡಿಗ್ರಿ ಕಾಯ್ದಿರಬೇಕು. ಅದು ಇರುವುದೂ ಪಾದದ ಹತ್ತಿರವೇ. ಸೌಂದರ್ಯದ ಶೋಕಿಯೂ ಇಲ್ಲಿ ತನ್ನ ಪಾಲು ಸಲ್ಲಿಸಿದೆ. 1994ರ ಡುಕಾಟಿ 916 ವಾಹನದಲ್ಲಿ ಮಾಸ್ಸಿಮೊ ತಂಬುರಿನಿ ಎಂಬ ಮಹಾ ವಿನ್ಯಾಸಕಾರ ಸೈಲೆನ್ಸರುಗಳನ್ನು ಆಸನದ ಕೆಳಗೆ ಇರಿಸಿದ. ನೋಡಲು ಅತಿ ಸುಂದರ. ಲೋಕವೆಲ್ಲ ಅದನ್ನು ಅನುಕರಿಸಿತು. 2004ರ ಯಮಹಾ ಆರ್1, ಹೊಂಡಾ ಸಿಬಿಆರ್1000ಆರ್‌ಆರ್ ಎರಡೂ ಆಸನದಡಿಯಲ್ಲೇ ಹೊಗೆ ಉಗುಳಿದವು. ಕುಳಿತವರ ಪಾಡು ಕಾದ ಹೆಂಚಿನ ಮೇಲೆ ಕುಳಿತಂತೆ. ಹೊಂಡಾ 2008ರಲ್ಲೂ ಯಮಹಾ 2015ರಲ್ಲೂ ಅದನ್ನು ಕೆಳಗಿಳಿಸಿದವು. ಇತ್ತೀಚೆಗೆ ಕವಾಸಾಕಿಯ ಕೆಲವು ವಾಹನಗಳಲ್ಲಿ ಫ್ಯಾನಿನ ಹಿಂದೆ ಒಂದು ಮುಚ್ಚಿಗೆಯಿಟ್ಟು ಬಿಸಿಗಾಳಿಯನ್ನು ನೆಲದ ಕಡೆಗೆ ತಿರುಗಿಸುತ್ತಾರೆ. ಡುಕಾಟಿಯ ಮಲ್ಟಿಸ್ಟ್ರಾಡಾ ವಿ4, ನಿಂತಾಗ ಸವಾರನಿಗೆ ಸಮೀಪವಿರುವ ಹಿಂದಿನ ಎರಡು ಸಿಲಿಂಡರುಗಳನ್ನು ತಾನಾಗಿಯೇ ಆರಿಸಿಬಿಡುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಬುದ್ಧಿವಂತ ಉಪಾಯ: ಬಿಸಿಯನ್ನು ಬೇರೆಡೆಗೆ ನೂಕುವ ಬದಲು ಹುಟ್ಟಿಸದಿರುವುದು.

ಇಷ್ಟೆಲ್ಲ ಓದಿಕೊಂಡಿದ್ದೂ ನಾವು ಮಾಡಿದ ಮೂರ್ಖತನವನ್ನು ಈಗ ಹೇಳಬೇಕು.

2023ರ ಜುಲೈ ತಿಂಗಳನ್ನು ಈ ಊರಿನವರು ಮರೆತಿರಲಾರರು. ಜೂನ್ 30ರಿಂದ ಜುಲೈ 30ರವರೆಗೆ ಸತತವಾಗಿ 31 ದಿನ ಫೀನಿಕ್ಸಿನಲ್ಲಿ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಆ ತಿಂಗಳ ಒಂದು ಭಾನುವಾರ ನಾವೂ ಮಗನೂ ಬೆಳಗಿನ ಜಾವವೇ ಹೊರಟು 87ನೆಯ ಹೆದ್ದಾರಿಯಲ್ಲಿ ಪೇಸನ್ನಿಗೆ ಹೋದೆವು. ಐದು ಸಾವಿರ ಅಡಿ ಎತ್ತರದ ಊರು. ಪೈನ್ ಮರಗಳು, ತಂಪು ಗಾಳಿ. ಅಲ್ಲಿ ಉಪಾಹಾರ ಮಾಡಿ, ಇನ್ನೊಂದು ಕಾಫಿ ಕುಡಿದು, ಮಾತಿಗೆ ಮಾತು ಬೆಳೆದು, ಒಂಬತ್ತಕ್ಕೆ ಹೊರಡಬೇಕಾದವರು ಹತ್ತೂವರೆಗೆ ಹೊರಟೆವು. ಕಣಿವೆಗೆ ಇಳಿಯುತ್ತಿದ್ದಂತೆ ಮುಂದೆಲ್ಲೋ ಅಪಘಾತವಾಗಿ ಹೆದ್ದಾರಿ ಮುಚ್ಚಿತ್ತು. ಕಾರುಗಳ ಸಾಲು ನಿಂತಿತು. ನೆರಳಿಲ್ಲ. ಸುತ್ತ ಸಾಗ್ವಾರೋ ಕಳ್ಳಿಗಳು.

ನಮ್ಮ ಗಮನವೆಲ್ಲ ಇಂಜಿನ್ನಿನ ಉಷ್ಣಮಾಪಕದ ಮೇಲೆ. 210 ಇದ್ದದ್ದು 217 ಆಯಿತು, ಫ್ಯಾನ್ ಹೊಯ್ಲಿಟ್ಟಿತು, 228 ಆಯಿತು. ಫ್ಯಾರನ್‌ಹೀಟಿನ ಆ ಅಂಕಿ ಸೆಲ್ಸಿಯಸ್ಸಿನಲ್ಲಿ 109. ಎಂಜಿನ್ ಆರಿಸಿದೆವು. ಸಾಲು ಎರಡು ಕಾರಿನಷ್ಟು ಸರಿದಾಗಲೊಮ್ಮೆ ಚಾಲೂ ಮಾಡುವುದು, ಮತ್ತೆ ಆರಿಸುವುದು, ಮತ್ತೆ ಮಾಪಕವನ್ನು ನೋಡುವುದು. ಯಂತ್ರದ ವಿಷಯದಲ್ಲಿ ನಾವು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಕಪ್ಪು ಚರ್ಮದ ಜಾಕೆಟ್ಟಿನ ಜಿಪ್ಪನ್ನು ಇಳಿಸಲಿಲ್ಲ, ಹೆಲ್ಮೆಟ್ ತೆಗೆಯಲಿಲ್ಲ, ಚೀಲದಲ್ಲಿದ್ದ ನೀರನ್ನು ಮುಟ್ಟಲಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಮಗ ಹಿಂದಿನಿಂದ ಕೂಗಿದ: "ಅಪ್ಪಾ, ನೀರು ಕುಡಿದ್ರಾ?" "ಸುಮ್ನಿರೋ, ಇಂಜಿನ್ ತಣ್ಣಗಾಗ್ಲಿ" ಎಂದು ಗದರಿದೆವಂತೆ. ಆ ಗದರಿಕೆ ನಮಗೆ ನೆನಪಿಲ್ಲ. ಅದು ಮಗನ ಹೇಳಿಕೆ. ಸಾಲು ಹೊರಟಾಗ ನ್ಯೂಟ್ರಲ್ ಯಾವುದು, ಮೊದಲನೆಯ ಗೇರ್ ಯಾವುದು ಎಂಬುದು ತಿಳಿಯಲಿಲ್ಲ. ವಾಹನ ಬಲಕ್ಕೆ ವಾಲಿತು, ಕಾಲು ಆನಲಿಲ್ಲ, ಅದರೊಡನೆ ನಾವೂ ಬಿದ್ದೆವು. ಪ್ಯಾಂಟಿನ ಅಂಚು ಮೇಲೆ ಸರಿದು ಬಲ ಮೀನಖಂಡ ಸೈಲೆನ್ಸರಿಗೆ ತಗುಲಿತು. ಹಿಂದಿನ ಕಾರಿನ ಮಹಿಳೆಯೊಬ್ಬರು ನಮ್ಮನ್ನು ಎ.ಸಿ.ಯಲ್ಲಿ ಕೂರಿಸಿ ಐಸ್ ಪೆಟ್ಟಿಗೆಯ ನೀರನ್ನು ತಲೆಗೂ ಕತ್ತಿಗೂ ಸುರಿದರು. ಅವರ ಹೆಸರನ್ನೂ ಕೇಳಿಕೊಳ್ಳುವ ಸ್ಥಿತಿ ನಮ್ಮದಾಗಿರಲಿಲ್ಲ.

ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದವರು, ಬೇಸಗೆಯಲ್ಲಿ ವಾರಕ್ಕೊಮ್ಮೆಯಾದರೂ ತಾಪಾಘಾತದ ರೋಗಿಯನ್ನು ನೋಡುವವರು, ನಮ್ಮಲ್ಲೇ ಅದರ ಮೊದಲ ಚಿಹ್ನೆಗಳನ್ನು ಏಕೆ ಗುರುತಿಸಲಿಲ್ಲ? ಉತ್ತರ ಸರಳ. ಇಂಜಿನ್ನಿಗೆ ಮಾಪಕವಿದೆ, ನಮಗೆ ಇಲ್ಲ. ಇಂಜಿನ್ನಿನ ಮಾಪಕ ಎಷ್ಟು ಬಿಸಿಯಾದರೂ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಮನುಷ್ಯನಲ್ಲಿ ಬಿಸಿಯಾಗುವುದೂ ಮಿದುಳೇ, ಬಿಸಿಯಾಗಿದೆಯೆಂದು ತೀರ್ಮಾನಿಸಬೇಕಾದುದೂ ಅದೇ ಮಿದುಳು. ಸಿಡುಕು, ಮರೆವು, ತಪ್ಪು ಉತ್ತರ ಇವು ಪಕ್ಕದವರಿಗೆ ಕಾಣುತ್ತವೆ, ತನಗೆ ಕಾಣುವುದಿಲ್ಲ. ಒಬ್ಬಂಟಿಯಾಗಿ ಹೋಗಿದ್ದರೆ ಈ ಉಪನ್ಯಾಸ ಇರುತ್ತಿತ್ತೋ ಇಲ್ಲವೋ.

ಇಂಜಿನ್ನಿಗೂ ದೇಹಕ್ಕೂ ಹೋಲಿಕೆ ಕಟ್ಟುವುದು ಉಪನ್ಯಾಸಕಾರರಿಗೆ ಪ್ರಿಯವಾದ ಕೆಲಸ; ಹೈಪೊಥಲಮಸ್ಸೇ ಥರ್ಮೋಸ್ಟಾಟ್, ಹೃದಯವೇ ಪಂಪು ಎಂದು ಹೇಳಿ ಚಪ್ಪಾಳೆ ಪಡೆಯಬಹುದು. ನಮಗೆ ಇಲ್ಲಿ ವ್ಯತ್ಯಾಸವೇ ಮುಖ್ಯವೆನಿಸುತ್ತದೆ. ಕೂಲಂಟ್ 100 ಡಿಗ್ರಿಯಲ್ಲಿದೆ, ಹೊರಗಿನ ಗಾಳಿ 44 ಡಿಗ್ರಿಯಲ್ಲಿದೆ. ನಡುವೆ 56 ಡಿಗ್ರಿಗಳ ಇಳಿಜಾರು. ಗಾಳಿ ಬೀಸಿದರೆ ಸಾಕು, ತಾಪ ತಾನಾಗಿ ಹೊರಕ್ಕೆ ಹರಿಯುತ್ತದೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಇಂಜಿನ್ ಅರಿಜೋನಾದ ಬೇಸಗೆಯಲ್ಲೂ ಓಡುತ್ತಿರುವಷ್ಟು ಹೊತ್ತು ಕ್ಷೇಮ. ಸವಾರನ ಚರ್ಮವಾದರೋ 35 ಡಿಗ್ರಿಯಲ್ಲಿದೆ. 44 ಡಿಗ್ರಿಯ ಗಾಳಿಯ ಎದುರು ಇಳಿಜಾರು ತಿರುಗುಮುರುಗಾಯಿತು; ತಾಪ ಒಳಕ್ಕೆ ಹರಿಯುತ್ತದೆ. ಇಂಜಿನ್ನನ್ನು ತಣಿಸುವ ಅದೇ ಎದುರುಗಾಳಿ ಸವಾರನನ್ನು ಬೇಯಿಸುತ್ತದೆ. ಮಾಪಕದ ಅಂಕಿ ಇಳಿಯುವುದನ್ನು ನೋಡಿ "ಈಗ ಎಲ್ಲ ಸರಿಹೋಯಿತು" ಎಂದುಕೊಳ್ಳುವ ಹೊತ್ತಿಗೆ ಸವಾರನ ಒಳಗಿನ ಅಂಕಿ ಏರುತ್ತಿರಬಹುದು.

ದೇಹಕ್ಕೆ ಉಳಿದಿರುವ ಒಂದೇ ಬಾಗಿಲು ಬೆವರು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 2400 ಕಿಲೋಜೂಲ್ ತಾಪವನ್ನು ಒಯ್ಯುತ್ತದೆ. ಇದು ಅದ್ಭುತ ವ್ಯವಸ್ಥೆ. ಯಾವ ಇಂಜಿನ್ನಿಗೂ ಇಲ್ಲ. ಆದರೆ ಬೆವರು ಆವಿಯಾಗಬೇಕು, ಹರಿದುಹೋದರೆ ಪ್ರಯೋಜನವಿಲ್ಲ. ಹಾಗೂ ಕಳೆದ ನೀರು, ಉಪ್ಪು ಹಿಂದಿರುಗಬೇಕು. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 100 ವ್ಯಾಟ್ ತಾಪವನ್ನು ಹುಟ್ಟಿಸುತ್ತದೆ. ಬಿಗಿಯಾದ ಚರ್ಮದ ಜಾಕೆಟ್ಟಿನೊಳಗೆ ಅದು ಸಿಕ್ಕಿಬಿದ್ದರೆ 70 ಕಿಲೋ ತೂಕದ ವ್ಯಕ್ತಿಯ ಉಷ್ಣತೆ ಸುಮಾರು 40 ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಬಿಸಿಲು, ಡಾಂಬರು, ಕೆಳಗಿನ ಆರು ಹೀಟರುಗಳು ಈ ಲೆಕ್ಕಕ್ಕೆ ಸೇರಿಲ್ಲ.

ಹಾಗಿದ್ದರೆ ಜಾಕೆಟ್ಟನ್ನೇ ಬಿಟ್ಟರಾಯಿತು ಎಂದು ತರುಣರು ವಾದಿಸುತ್ತಾರೆ. ಟೀ ಶರ್ಟಿನಲ್ಲಿ ಬಿದ್ದವರ ಚರ್ಮವನ್ನು ನಾವು ನೋಡಿದ್ದೇವೆ. ಆ ವಾದಕ್ಕೆ ಉತ್ತರ ಕೊಡುವುದಿಲ್ಲ. ಬಲೆಯಂತಹ ಜಾಲರಿ ಜಾಕೆಟ್ 32-33 ಡಿಗ್ರಿಯವರೆಗೆ ಅತ್ಯುತ್ತಮ. ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ, ಅದರಲ್ಲೂ ಇಲ್ಲಿನ ಒಣ ಹವೆಯಲ್ಲಿ, ಪೂರ್ತಿ ತೆರೆದುಕೊಂಡರೆ ಬೆವರು ಹುಟ್ಟುವ ಮೊದಲೇ ಆರಿಹೋಗಿ ಬಿಸಿಗಾಳಿಯೊಂದೇ ಉಳಿಯುತ್ತದೆ. ಆಗ ಒಳಗೆ ಒದ್ದೆ ಅಂಗಿ, ಮೇಲೆ ಅಲ್ಪಸ್ವಲ್ಪ ಗಾಳಿ ಬಿಡುವ ತಿಳಿಬಣ್ಣದ ಜಾಕೆಟ್ ಲೇಸು. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಬಗೆ ಇದೇ. ಮರುಭೂಮಿಯ ಜನ ಮೈತುಂಬ ಬಟ್ಟೆ ಹೊದೆಯುವುದು ಸುಮ್ಮನೆ ಅಲ್ಲ. ತೇವಭರಿತ ಹ್ಯೂಸ್ಟನ್ನಿನಲ್ಲೋ ಮಂಗಳೂರಿನಲ್ಲೋ ಈ ಉಪಾಯ ಇಷ್ಟು ಫಲಿಸದು.

ಯಂತ್ರದ ಕಡೆಯ ಎಚ್ಚರಗಳನ್ನೂ ಹೇಳಿಬಿಡುತ್ತೇವೆ. ನಿಂತಲ್ಲಿ ಆಕ್ಸಿಲರೇಟರ್ ತಿರುವಿ ಗುರ್ ಎನ್ನಿಸಿದರೆ ಪಂಪು ವೇಗವಾಗಿ ತಿರುಗಿ ತಣಿಯುತ್ತದೆಂಬ ನಂಬಿಕೆ ಹುಡುಗರಲ್ಲಿದೆ. ಪಂಪಿಗಿಂತ ಬೆಂಕಿ ಹೆಚ್ಚುತ್ತದೆ ಅಷ್ಟೇ. ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಇಂಜಿನ್ ಆರಿಸುವುದು. ಹಲವು ವಾಹನಗಳಲ್ಲಿ ಕೀಲಿ ತೆರೆದಿದ್ದರೆ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ, ಅದು ಒಳ್ಳೆಯದು. ಊರೊಳಗೆ ಮೇಲಿನ ಗೇರಿನಲ್ಲಿ ಕಡಿಮೆ ಸುತ್ತುಗಳಲ್ಲಿ ಓಡಿಸುವುದು. ರೇಡಿಯೇಟರಿನ ತೆಳು ಹಲ್ಲುಗಳಲ್ಲಿ ಸೇರಿದ ಹುಳುಹುಪ್ಪಟೆಯನ್ನು ಮೆದು ನೀರಧಾರೆಯಿಂದ ತೊಳೆಯುವುದು. ಪ್ರೆಷರ್ ವಾಷರ್ ಹಿಡಿದರೆ ಹಲ್ಲುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಕೂಲಂಟ್ ಮಟ್ಟವನ್ನು ಇಂಜಿನ್ ತಣ್ಣಗಿರುವಾಗ ನೋಡುವುದು, ಕೈಪಿಡಿ ಹೇಳಿದ ಅವಧಿಗೆ ಬದಲಿಸುವುದು. ಶಿರಾಡಿ ಘಾಟಿಯ ಅಭ್ಯಾಸದಂತೆ ನಾವೊಮ್ಮೆ ನಲ್ಲಿಯ ನೀರನ್ನೇ ಸುರಿದು ಮಗನಿಂದ ಬೈಸಿಕೊಂಡೆವು. ಈ ಊರಿನ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತೆಸೆದರೆ ಕಾಲಿಗೆ ತಂಪು ಎಂದು ಸಲಹೆ ಕೊಡುವವರಿದ್ದಾರೆ. ರಸ್ತೆಯ ವಾಹನದಲ್ಲಿ ಅದು ಈ ದೇಶದ ಕಾನೂನಿಗೆ ವಿರುದ್ಧ. ಟ್ಯಾಂಕಿನ ಕೆಳಗೆ ತಾಪವನ್ನು ಪ್ರತಿಫಲಿಸುವ ಹಾಳೆ ಅಂಟಿಸುವುದು ನಿರಪಾಯಕರ. ನಮ್ಮ ಅನುಭವದಲ್ಲಿ ಸ್ವಲ್ಪ ಗುಣವೂ ಕಂಡಿತು.

ನಿಂತ ಕಾರುಗಳ ನಡುವೆ ಮೆಲ್ಲನೆ ನುಸುಳಿ ಮುಂದೆ ಹೋಗುವುದಕ್ಕೆ ಕ್ಯಾಲಿಫೋರ್ನಿಯಾ 2017ರಿಂದ ಶಾಸನದ ಮಾನ್ಯತೆ ಕೊಟ್ಟಿದೆ. ಅರಿಜೋನಾದಲ್ಲಿ 2022ರ ಸೆಪ್ಟೆಂಬರಿನಿಂದ ಸೀಮಿತ ಅನುಮತಿಯಿದೆ: ರಸ್ತೆಯ ವೇಗಮಿತಿ 45 ಮೈಲಿ ಅಥವಾ ಕಡಿಮೆ ಇರಬೇಕು, ಕಾರುಗಳು ನಿಂತಿರಬೇಕು, ನಮ್ಮ ವೇಗ 15 ಮೈಲಿ ಮೀರಬಾರದು. ಅಂದು ನಾವು ನಿಂತಿದ್ದುದು ಅದಕ್ಕಿಂತ ವೇಗದ ಹೆದ್ದಾರಿ. ಆ ಅನುಕೂಲ ಇರಲಿಲ್ಲ. ಪಕ್ಕಕ್ಕೆ ಸರಿಸಿ, ಇಳಿದು, ಕಾರಿನವರನ್ನು ನೆರಳು ಬೇಡಬಹುದಾಗಿತ್ತು. ಸಂಕೋಚ ಅಡ್ಡಬಂತು.

ಇನ್ನು ಗ್ಯಾರೇಜಿನಲ್ಲಿರುವ ಒಂದು ಅಪಾಯ. ಮೋಟಾರ್ ಸೈಕಲ್ ಇಲ್ಲದವರೂ ಇದನ್ನು ಕೇಳಬೇಕು. ಎಥಿಲೀನ್ ಗ್ಲೈಕಾಲ್ ನೋಡಲು ಶರಬತ್ತಿನಂತೆ ಹಸಿರು ಅಥವಾ ಗುಲಾಬಿ, ರುಚಿಗೆ ಸಿಹಿ. ಒಳಹೋದ ಮೇಲೆ ಯಕೃತ್ತು ಅದನ್ನು ಆಮ್ಲಗಳಾಗಿ ಮಾರ್ಪಡಿಸುತ್ತದೆ, ಕೊನೆಯ ಆಕ್ಸಲೇಟ್ ಹರಳುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಮೊದಲ ಗಂಟೆಗಳಲ್ಲಿ ಮಗು ಕೇವಲ ಅಮಲೇರಿದಂತೆ ತೂಗಾಡಬಹುದು. ಫೋಮೆಪಿಜೋಲ್ ಎಂಬ ಪ್ರತ್ಯೌಷಧಕ್ಕೆ 1997ರಲ್ಲಿ ಇಲ್ಲಿ ಅನುಮತಿ ದೊರೆಯಿತು. ಬೇಗ ಕೊಟ್ಟಷ್ಟೂ ಒಳ್ಳೆಯದು. 2012ರ ಕೊನೆಯಿಂದ ತಯಾರಕರು ಕಹಿ ಪದಾರ್ಥ ಬೆರೆಸುತ್ತಿದ್ದಾರಾದರೂ ನಾಯಿಗೂ ಎರಡು ವರ್ಷದ ಮಗುವಿಗೂ ಆ ಕಹಿಯನ್ನು ನಂಬಿ ಬಿಡಲಾಗದು. ಉಳಿದ ಕೂಲಂಟನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡುವ ಮಿತವ್ಯಯವನ್ನು ದಯವಿಟ್ಟು ಬಿಡಿ. ಕುಡಿದಿರಬಹುದೆಂಬ ಶಂಕೆಯಿದ್ದರೂ ಸಾಕು, ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಸೈಲೆನ್ಸರಿನ ಸುಟ್ಟಗಾಯ ನಮ್ಮ ಪೀಳಿಗೆಯವರ ಕಾಲಿನ ಮೇಲೆ ಹಚ್ಚೆಯಂತೆ ಇದೆ. ಯೆಜ್ಡಿಗೆ ಎರಡು ಪಕ್ಕದಲ್ಲೂ ಸೈಲೆನ್ಸರ್, ಆದ್ದರಿಂದ ಕೆಲವರಿಗೆ ಎರಡು ಕಾಲಿನಲ್ಲೂ. 60 ಡಿಗ್ರಿಯ ಲೋಹ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಆಗತಾನೇ ನಿಲ್ಲಿಸಿದ ವಾಹನದ ಸೈಲೆನ್ಸರ್ ಅದಕ್ಕಿಂತ ಬಹಳ ಬಿಸಿ, ನೋಡಲು ಮಾತ್ರ ತಣ್ಣಗಿರುವಂತೆಯೇ ಇರುತ್ತದೆ. ಗ್ಯಾರೇಜಿಗೆ ತಂದು ಅರ್ಧ ಗಂಟೆಯವರೆಗೆ ಮಕ್ಕಳನ್ನು ಬಿಡಬಾರದು. ಸುಟ್ಟರೆ 20 ನಿಮಿಷ ತಂಪಾದ ಹರಿಯುವ ನೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ, ಹಿಂದಿನವರ ಇಂಕೂ ಬೇಡ. ಬೇಸಗೆಯಲ್ಲಿ ಅಂಗಳದ ಹೋಸ್ ಪೈಪನ್ನು ಹಿಡಿಯಬೇಡಿ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರೇ ಮತ್ತೊಮ್ಮೆ ಸುಡಬಲ್ಲದು.

ನಮ್ಮ ವಯಸ್ಸಿನ ಸವಾರರಿಗೆ ಒಂದು ಮಾತು. ರಕ್ತದೊತ್ತಡಕ್ಕೆ ಹೈಡ್ರೊಕ್ಲೋರೊಥಯಜೈಡ್, ಮೆಟೊಪ್ರೊಲಾಲ್, ಸಕ್ಕರೆಗೆ ಎಂಪಾಗ್ಲಿಫ್ಲೊಜಿನ್, ಅಲರ್ಜಿಗೆ ಡೈಫೆನ್‌ಹೈಡ್ರಮಿನ್ ಇವುಗಳಲ್ಲಿ ಕೆಲವು ನೀರನ್ನು ಕಳೆಯುತ್ತವೆ, ಕೆಲವು ಬೆವರನ್ನು ಅಥವಾ ಹೃದಯದ ವೇಗವನ್ನು ತಡೆಯುತ್ತವೆ. ತಾವೇ ನಿಲ್ಲಿಸಬಾರದು, ಬೇಸಗೆಗೆ ಮೊದಲು ವೈದ್ಯರನ್ನು ಕೇಳಬೇಕು. ಅಂದು ನಾವೂ ಇವುಗಳಲ್ಲಿ ಒಂದನ್ನು ನುಂಗಿಯೇ ಹೊರಟಿದ್ದೆವು. ಬರಿಯ ನೀರಿಗಿಂತ ಉಪ್ಪು ಹಾಕಿದ ನೀರುಮಜ್ಜಿಗೆ ಲೇಸು. ಉಪ್ಪಿನ ಪಥ್ಯವಿರುವವರು ಇದನ್ನೂ ಕೇಳಿಯೇ ಕುಡಿಯಬೇಕು. ಜೊತೆಯವರು ತಡವರಿಸಿದರೆ, ಅಸಂಬದ್ಧ ಮಾತನಾಡಿದರೆ ಅದನ್ನು ಕೋಪವೆಂದಾಗಲಿ ಆಯಾಸವೆಂದಾಗಲಿ ತಿಳಿಯದೆ 911ಕ್ಕೆ ಕರೆಮಾಡಿ, ಅವರು ಬರುವವರೆಗೂ ಕಾಯದೆ ಬಟ್ಟೆ ಸಡಿಲಿಸಿ ತಣ್ಣೀರು ಸುರಿಯಿರಿ. ದೇಹದ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮನಸ್ಸು ಕಲಕಿದಾಗ ಮೊದಲು ತಣಿಸುವುದು, ಅನಂತರ ಸಾಗಿಸುವುದು.

ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆಯಿದೆ. ಹಾಕಿದವರು ನಮ್ಮ ಮನೆಯವರು. ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ವಾಹನಗಳೂ ಬೆಳಿಗ್ಗೆ ಎಂಟರೊಳಗೆ ಗ್ಯಾರೇಜಿಗೆ ಮರಳಬೇಕು. ಎಂಟೂಕಾಲಿಗೆ ಬಂದವರಿಗೆ ಇಡ್ಲಿ ಉಂಟು, ಚಟ್ನಿ ಇಲ್ಲ. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಮಗ ನಮ್ಮನ್ನು ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುತ್ತಾನೆ. ತಪ್ಪಿದರೆ ನೆರಳಿಗೆ. ಅವನಿಗೆ ಸ್ವತಃ ಹದಿನೇಳರ ಮಗ್ಗಿ ಬಾರದೆಂಬುದು ಬೇರೆ ಮಾತು, ಕೈಯಲ್ಲಿ ಬರೆದುಕೊಂಡಿರುತ್ತಾನೆ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ರೇಡಿಯೇಟರ್, ಫ್ಯಾನುಗಳ ವಿಚಾರವಾಗಿ ಪ್ರಶ್ನೆಯಿದ್ದವರು ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮಗನನ್ನು ಕೇಳುವುದು. ಔಷಧಗಳ ಪಟ್ಟಿ ತಂದಿರುವವರು ಊಟದ ಅನಂತರ ನಮ್ಮಲ್ಲಿಗೆ ಬರಬಹುದು. ತಟ್ಟೆಯಲ್ಲಿ ಏನಿದೆಯೆಂದು ಈ ಸಲ ನೋಡುವುದಿಲ್ಲ.